ಕಪ್ಪು ಹಾಳೆಯಲ್ಲಿ ಉರಿಯುವ ಹಣತೆ: ಯಾವ ಹಾಳೆ, ಯಾವ ಪೆನ್ಸಿಲ್, ಯಾವ ಬಿಳಿ?

ಕಪ್ಪು ಹಾಳೆಯ ಮೇಲೆ ದೀಪ ಬರೆಯಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು 48 ಬಣ್ಣದ ಡಬ್ಬಿ. ಅದರಲ್ಲಿ ಮುಕ್ಕಾಲು ಪಾಲು ಈ ಚಿತ್ರಕ್ಕೆ ಕೆಲಸಕ್ಕೇ ಬರುವುದಿಲ್ಲ. ಬೇಕಾಗುವುದು ಹತ್ತೇ ಬಣ್ಣ: ಬಿಳಿ, ಕೆನೆಬಣ್ಣ, ನಿಂಬೆ ಹಳದಿ, ಅರಿಶಿನ ಹಳದಿ, ಕಿತ್ತಳೆ, ಕುಂಕುಮ ಕೆಂಪು, ಕಾವಿ, ಕಡು ಕಂದು, ನೇರಳೆ, ಜೊತೆಗೆ ಎರಡು ಗೆರೆಗೆ ಸಾಕಾಗುವಷ್ಟು ನೀಲಿ. ದುಡ್ಡು ಹಾಕಬೇಕಾದ ಕ್ರಮವೇ ಬೇರೆ. ಮೊದಲು ಹಾಳೆ, ಆಮೇಲೆ ಒಂದು ಒಳ್ಳೆಯ ಬಿಳಿ, ಕೊನೆಗೆ ಮಿಕ್ಕ ಬಣ್ಣ.

ಏಕೆಂದರೆ ಬಣ್ಣದ ಪೆನ್ಸಿಲಿನ ಬಣ್ಣ ಪೂರ್ತಿ ಮುಚ್ಚುವಂಥದ್ದಲ್ಲ. ಮೇಣ ಅಥವಾ ಎಣ್ಣೆಯಲ್ಲಿ ಕಲಸಿದ ಪುಡಿ ಅದು, ಅರೆಪಾರದರ್ಶಕ. ಬಿಳಿ ಹಾಳೆಯಲ್ಲಾದರೆ ಬೆಳಕು ಆ ಪದರದೊಳಗೆ ಇಳಿದು, ಹಾಳೆಗೆ ತಾಗಿ, ಬಣ್ಣ ಹೊತ್ತು ಹೊರಬರುತ್ತದೆ. ಕಪ್ಪು ಹಾಳೆ ಒಳಗೆ ಹೋದ ಬೆಳಕನ್ನು ನುಂಗಿಬಿಡುತ್ತದೆ. ಹಾಗಾಗಿ ನೀಲಿ, ನೇರಳೆ, ಕಡು ಹಸಿರು ಬಹುತೇಕ ಮಾಯವಾಗುತ್ತವೆ, ಹಳದಿ ಪಾಚಿ ಬಣ್ಣಕ್ಕೆ ತಿರುಗುತ್ತದೆ. ಬಿಳಿ ಪೆನ್ಸಿಲಿನಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಮಾತ್ರ ಬೆಳಕನ್ನು ಮೇಲಿಂದಲೇ ಚದುರಿಸಿ ವಾಪಸ್ ಕಳಿಸುತ್ತದೆ. ಮುಂದೆ ಬರುವ ಎಲ್ಲ ಆಯ್ಕೆಗಳಿಗೂ ಇದೇ ಆಧಾರ.

ಏನನ್ನು ಬರೆಯುವುದು?

ಬಲ್ಬು, ಮೋಂಬತ್ತಿ, ಹುಣ್ಣಿಮೆ ಚಂದ್ರ, ಆಕಾಶಬುಟ್ಟಿ, ಹಣತೆ – ಇವುಗಳಲ್ಲಿ ಮೊದಲ ಚಿತ್ರಕ್ಕೆ ಹಣತೆಯೇ ವಾಸಿ. ಬಲ್ಬು ಎಡ–ಬಲ ಸಮನಾಗಿರಬೇಕು, ಒಂದು ಮಿಲಿಮೀಟರ್ ವಾಲಿದರೂ ಕಣ್ಣಿಗೆ ಹೊಡೆಯುತ್ತದೆ. ಚಂದ್ರ ಬರೀ ವೃತ್ತ ಎಂದುಕೊಂಡು ಶುರು ಮಾಡುತ್ತಾರೆ, ಆದರೆ ಅದರ ಸುತ್ತಲಿನ ಮಬ್ಬು ಬೆಳಕನ್ನು ತಣ್ಣನೆಯ ಬಣ್ಣಗಳಲ್ಲಿ ತರಬೇಕು, ಕಪ್ಪಿನ ಮೇಲೆ ತಣ್ಣನೆಯ ಬಣ್ಣಗಳೇ ಕೈಕೊಡುವುದು. ಮೋಂಬತ್ತಿಯ ಮೇಲ್ತುದಿಯಲ್ಲಿ ಮೇಣದೊಳಗಿಂದ ಬೆಳಕು ಸೋಸಿ ಬರುತ್ತದೆ. ನೋಡಲು ಚೆಂದ, ಎರಡನೇ ಚಿತ್ರಕ್ಕೆ ಇಟ್ಟುಕೊಳ್ಳಿ. ಆಕಾಶಬುಟ್ಟಿಯ ಒಂದೊಂದು ಮುಖದಲ್ಲೂ ಬೆಳಕಿನ ಇಳಿಕೆ ಬೇರೆ, ಅದರ ತಂಟೆಗೆ ಈಗಲೇ ಹೋಗುವುದು ಬೇಡ.

ಮಣ್ಣಿನ ಹಣತೆ ಹೇಗೂ ಸೊಟ್ಟಗಿರುತ್ತದೆ, ಗೆರೆ ತಪ್ಪಿದರೂ ನಡೆಯುತ್ತದೆ. ಮಣ್ಣಿನ ಬಣ್ಣವೂ ಉರಿಯ ಬಣ್ಣವೂ ಒಂದೇ ಕುಟುಂಬದವು. ಉರಿಯುವ ವಸ್ತು, ಬೆಳಕು ಬಿದ್ದ ವಸ್ತು ಎರಡೂ ಒಂದರಲ್ಲೇ ಸಿಗುತ್ತವೆ. ಅಳತೆ ಎ5 ಇರಲಿ. ಹಣತೆಯ ಅಗಲ 7 ಸೆಂ.ಮೀ., ದೀಪದ ಕುಡಿ 3 ಸೆಂ.ಮೀ. ಎತ್ತರ, 1 ಸೆಂ.ಮೀ. ಅಗಲ. ಎ4ಕ್ಕೆ ಹೋದರೆ ಪ್ರಭೆ, ಅಂದರೆ ಉರಿಯ ಸುತ್ತ ಹರಡುವ ಬೆಳಕು, ತುಂಬುವಷ್ಟರಲ್ಲಿ ಕೈ ಸೋಲುತ್ತದೆ, ಕೈ ಸೋತಾಗ ಒತ್ತಡ ಏರುಪೇರಾಗುತ್ತದೆ.

ಹಾಳೆ

ಊರಿನ ಸ್ಟೇಷನರಿ ಅಂಗಡಿಯ ಕಪ್ಪು ಚಾರ್ಟ್ ಪೇಪರ್ ಅಗ್ಗ, ಎಲ್ಲೆಡೆ ಸಿಗುತ್ತದೆ. ತೊಂದರೆ ಎರಡು: ನುಣುಪು ಜಾಸ್ತಿ, ಮತ್ತು ಅದಕ್ಕೆ ಹಾಕಿದ ಬಣ್ಣ ಬಿಸಿಲಿಗೆ ಕಂದಿ ಬೂದುಗಂದು ಆಗಬಹುದು. ಗೋಡೆಗೆ ಹಾಕುವ ಚಿತ್ರವಾದರೆ ಬೇಡ, ಅಭ್ಯಾಸಕ್ಕೆ ಸಾಕು. ಪೇಸ್ಟಲ್ ಶೀಟ್ ಎಂದು ಮಾರುವ ತುಸು ಒರಟು ಹಾಳೆ ಇದಕ್ಕಿಂತ ಮೇಲು.

ಕ್ಯಾನ್ಸನ್ ಮಿ-ಟೇಂಟ್ 160 ಜಿಎಸ್‌ಎಂ (ಚದರ ಮೀಟರಿಗೆ 160 ಗ್ರಾಂ ತೂಗುವ) ಹಾಳೆ, ಎರಡು ಮುಖಕ್ಕೆ ಎರಡು ಬಗೆಯ ಮೈ. ಒಂದು ಬದಿಯಲ್ಲಿ ಜೇನುಗೂಡಿನಂಥ ಗುಳಿಗಳಿವೆ, ಅದು ಪೇಸ್ಟಲ್‌ಗೆ (ಸೀಮೆಸುಣ್ಣದಂಥ ಪುಡಿಬಣ್ಣದ ಕಡ್ಡಿಗೆ) ಹೇಳಿ ಮಾಡಿಸಿದ್ದು. ಪೆನ್ಸಿಲ್ ಆ ಗುಳಿಯೊಳಗೆ ಇಳಿಯುವುದಿಲ್ಲ, ಎಷ್ಟು ಪದರ ಹಾಕಿದರೂ ಉರಿಯ ನಡುವೆ ಕಪ್ಪು ಚುಕ್ಕೆಗಳು ಉಳಿಯುತ್ತವೆ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಗುಳಿ ಕಾಣುತ್ತದೆ. ಅದರ ಬೆನ್ನ ಬದಿ, ಅಂದರೆ ಸಣ್ಣ ತರಿಯ (ಬಣ್ಣ ಹಿಡಿಯುವ ಒರಟಿನ) ಬದಿಯಲ್ಲಿ ಬರೆಯಿರಿ. ಸ್ಟ್ರಾತ್‌ಮೋರ್ ಆರ್ಟಗೇನ್ ಕೂಡ 160 ಜಿಎಸ್‌ಎಂ. ಮೈ ಒಂದೇ ಸಮ, ಸೂಕ್ಷ್ಮ ಗೆರೆಗೆ ಒಳ್ಳೆಯದು, ಆದರೆ ತರಿ ಕಡಿಮೆಯಾದ್ದರಿಂದ ಪದರಗಳು ಬೇಗ ಮುಗಿಯುತ್ತವೆ. ಉರಿ ಚಿಕ್ಕದು, ಪ್ರಭೆ ದೊಡ್ಡದು ಎನ್ನುವ ಈ ಚಿತ್ರಕ್ಕೆ ನಮ್ಮ ಮತ ಮಿ-ಟೇಂಟ್‌ನ ಸಣ್ಣ ತರಿಯ ಬದಿಗೆ.

ಯಾವ ಹಾಳೆಯಾದರೂ ಮೂಲೆಯಲ್ಲಿ ಒಂದಿಂಚು ಚೌಕ ಹಾಕಿಕೊಂಡು ಬಿಳಿ ಪೆನ್ಸಿಲಿನಿಂದ ಹಗುರ ಪದರ ಒಂದರ ಮೇಲೊಂದು ಬಳಿದು ನೋಡಿ. ಮೂರನೆಯದಕ್ಕೇ ಪೆನ್ಸಿಲ್ ಜಾರತೊಡಗಿ ಬಿಳಿ ಮುಂದೆ ಏರದಿದ್ದರೆ ಆ ಹಾಳೆಯ ತರಿ ಮುಗಿಯಿತು ಎಂದರ್ಥ. ಐದು–ಆರು ಪದರ ಹಿಡಿದುಕೊಂಡರೆ ಕೊಳ್ಳಬಹುದು.

ಕಪ್ಪೇ ಆಗಬೇಕೆಂದೇನೂ ಇಲ್ಲ. ಕಡು ಕಂದು ಹಾಳೆಯಲ್ಲಿ ಹಣತೆಯ ಮೈ ಅರ್ಧ ತಯಾರಾಗಿಯೇ ಬಂದಿರುತ್ತದೆ, ಕಾವಿಯನ್ನು ತೆಳುವಾಗಿ ತೀಡಿದರೆ ಮಣ್ಣು ಸಿದ್ಧ. ಬೆಳಕಿನ ಏರಿಳಿತ ಕಪ್ಪಿನಷ್ಟು ಬರುವುದಿಲ್ಲ, ಆದರೆ ಹೊಸಬರಿಗೆ ಇದೇ ಸುಲಭ. ಕಡು ನೀಲಿಯನ್ನು ಹಲವರು ಆಸೆಪಟ್ಟು ಕೊಳ್ಳುತ್ತಾರೆ. ನೀಲಿ–ಕಿತ್ತಳೆ ಎದುರುಬದುರು ಬಣ್ಣಗಳು ಎಂಬುದು ಸರಿಯೇ, ಆದರೆ ಪ್ರಭೆಯ ಹೊರ ಅಂಚಿನಲ್ಲಿ ತೆಳು ಕಿತ್ತಳೆ ನೀಲಿಯ ಮೇಲೆ ಬಿದ್ದು ಎರಡೂ ಸೇರಿ ರಾಡಿ ಬೂದು ಆಗುತ್ತದೆ. ಚಂದ್ರನಿಗೆ ನೀಲಿ, ಹಣತೆಗೆ ಬೇಡ. ಬೂದು ಹಾಳೆಯಲ್ಲಿ ಕತ್ತಲನ್ನೂ ಪೆನ್ಸಿಲಿನಲ್ಲೇ ತುಂಬಬೇಕು, ಆ ಶ್ರಮ ದಂಡ.

ಬಣ್ಣದ ಪೆನ್ಸಿಲ್

ಶಾಲೆಯ ಮಕ್ಕಳಿಗೆಂದು ಮಾಡಿದ ಪೆನ್ಸಿಲಿನ ಕಡ್ಡಿ ಗಟ್ಟಿ, ಬಣ್ಣದ ಪುಡಿ ಕಡಿಮೆ, ಜೇಡಿ ಮತ್ತು ಮೇಣ ಹೆಚ್ಚು. ಬಿಳಿ ಹಾಳೆಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಕಪ್ಪಿನ ಮೇಲೆ ಒತ್ತಿ ಬರೆಯಬೇಕಾಗುತ್ತದೆ, ಒತ್ತಿದರೆ ಹಾಳೆಯ ತರಿ ಚಪ್ಪಟೆಯಾಗುತ್ತದೆ, ಆಮೇಲೆ ಯಾವ ಬಣ್ಣವೂ ಕೂರುವುದಿಲ್ಲ. ಹಾಗೆಂದು ಇರುವ ಡಬ್ಬಿಯನ್ನು ಎಸೆಯಬೇಕಿಲ್ಲ. ಕಾವಿ, ಕಂದು, ನೇರಳೆ ಹೇಗೂ ಮಂಕಾಗಿಯೇ ಇರಬೇಕಾದ ಬಣ್ಣಗಳು, ಅವು ಅದರಿಂದಲೇ ನಡೆಯುತ್ತವೆ. ಬಿಳಿ, ಕೆನೆ, ಎರಡು ಹಳದಿ, ಕಿತ್ತಳೆ – ಈ ಐದನ್ನು ಬಿಡಿಯಾಗಿ ಒಳ್ಳೆಯವು ಕೊಂಡರೆ ಆಯಿತು.

ಒಳ್ಳೆಯವುಗಳಲ್ಲಿ ಮೇಣದ್ದೋ ಎಣ್ಣೆಯದ್ದೋ ಎಂಬುದು ಪ್ರಶ್ನೆ. ಪ್ರಿಸ್ಮಾಕಲರ್ ಪ್ರೀಮಿಯರ್ ಮೇಣದ್ದು, ಕಡ್ಡಿ ಬಹಳ ಮೃದು, ಒಂದೇ ಪದರಕ್ಕೆ ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಮೃದುವಾದ್ದಕ್ಕೆ ಮೊನೆ ನಿಲ್ಲುವುದಿಲ್ಲ, ಚೂಪು ಮಾಡುವಾಗ ಕಡ್ಡಿ ಮುರಿಯುವುದೂ ಉಂಟು. ಮೇಣ ಹೆಚ್ಚಿರುವ ಪೆನ್ಸಿಲುಗಳಿಗೆ ಇನ್ನೊಂದು ಗುಣವಿದೆ: ದಪ್ಪಗೆ ಬಳಿದ ಕಡೆ ಕೆಲವು ದಿನಗಳಲ್ಲಿ ಮೇಣ ಮೇಲೆದ್ದು ತೆಳ್ಳನೆ ಬಿಳಿಚಿದ ಪೊರೆ ಕಟ್ಟುತ್ತದೆ. ಬಿಳಿ ಹಾಳೆಯಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ. ಕಪ್ಪಿನಲ್ಲಿ ಕಾವಿ ಬಳಿದ ಜಾಗಕ್ಕೆ ಬೂಷ್ಟು ಹಿಡಿದಂತೆ ಕಾಣುತ್ತದೆ. ಹತ್ತಿ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ.

ಫೇಬರ್-ಕ್ಯಾಸ್ಟೆಲ್ ಪಾಲಿಕ್ರೋಮೋಸ್ ಎಣ್ಣೆಯದ್ದು. ಮೊನೆ ನಿಲ್ಲುತ್ತದೆ, ಪೊರೆ ಕಟ್ಟುವುದಿಲ್ಲ, ಪದರದ ಮೇಲೆ ಪದರ ಚೆನ್ನಾಗಿ ಕೂರುತ್ತದೆ. ಆದರೆ ಕಡ್ಡಿ ಗಟ್ಟಿ, ಬಣ್ಣ ಹೆಚ್ಚು ಪಾರದರ್ಶಕ, ಕಪ್ಪಿನ ಮೇಲೆ ನೇರ ಬಳಿದರೆ ಮಂಕು. ಕ್ಯಾರನ್ ದಾಶ್ ಲ್ಯುಮಿನನ್ಸ್ ಮೇಣದ್ದೇ ಆದರೂ ಬಣ್ಣ ಗಾಢ, ಬೆಲೆಯೂ ಹಾಗೆಯೇ. ಅದರಲ್ಲಿ ಇಡೀ ಸೆಟ್ಟು ಕೊಳ್ಳುವುದು ಈ ಕೆಲಸಕ್ಕೆ ಅತಿ, ಬಿಳಿ ಒಂದನ್ನು ಮಾತ್ರ ಬಿಡಿಯಾಗಿ ತರಿಸಿಕೊಳ್ಳಿ. ಡರ್ವೆಂಟ್ ಡ್ರಾಯಿಂಗ್ ಸರಣಿಯ ಚೈನೀಸ್ ವೈಟ್ ಕೂಡ ದಪ್ಪ ಕಡ್ಡಿ, ಚೆನ್ನಾಗಿ ಮುಚ್ಚುತ್ತದೆ.

ಮೃದು ಮೇಣದ ಪೆನ್ಸಿಲಿನಿಂದ ಉರಿಯ ತಳಪದರ, ಎಣ್ಣೆಯದ್ದರಿಂದ ಅದರ ಮೇಲಿನ ಹಳದಿ–ಕಿತ್ತಳೆಯ ಸಣ್ಣ ಗೆರೆ – ಎರಡನ್ನೂ ಬೆರೆಸಿ ಬಳಸುವುದೇ ಸರಿಯಾದ ದಾರಿ. ಯಾವುದೋ ಒಂದೇ ಕಂಪನಿಗೆ ಕಟ್ಟುಬೀಳಬೇಕಾಗಿಲ್ಲ.

ಬಿಳಿ ಎಲ್ಲಿಂದ ತರುವುದು?

ಬಿಳಿ ಪೆನ್ಸಿಲ್, ಬಿಳಿ ಚಾರ್ಕೋಲ್ ಅಥವಾ ಪೇಸ್ಟಲ್ ಪೆನ್ಸಿಲ್, ಬಿಳಿ ಪೋಸ್ಟರ್ ಕಲರ್ ಅಥವಾ ಗ್ವಾಶ್ (ಅದರಂತೆಯೇ ನೀರಿನಲ್ಲಿ ಕಲಸುವ, ಮುಚ್ಚುವ ಬಣ್ಣ), ಬಿಳಿ ಜೆಲ್ ಪೆನ್ – ನಾಲ್ಕೂ ಬೇರೆ ಬೇರೆ ಹೊತ್ತಿನಲ್ಲಿ ಬಳಸಬೇಕಾದವು, ಆ ಹೊತ್ತು ತಪ್ಪಿದರೆ ಹಾಳೆ ಹಿಡಿಯುವುದಿಲ್ಲ. ಮೇಣ ನೀರನ್ನು ತಳ್ಳುತ್ತದೆ, ಆದ್ದರಿಂದ ಪೋಸ್ಟರ್ ಕಲರ್ ಪೆನ್ಸಿಲಿಗಿಂತ ಮೊದಲೇ ಬರಬೇಕು. ಪುಡಿ ಮೇಣದ ಮೇಲೆ ನಿಲ್ಲುವುದಿಲ್ಲ, ಆದ್ದರಿಂದ ಪೇಸ್ಟಲ್ ಕೂಡ ಮೊದಲೇ. ಜೆಲ್ ಪೆನ್ನಿನ ಗುಂಡು ದಪ್ಪ ಮೇಣದ ಮೇಲೆ ಉರುಳದೆ ಜಾರುತ್ತದೆ, ಅದು ಕಟ್ಟಕಡೆಗೆ, ಅದೂ ಬಣ್ಣ ತೆಳುವಾಗಿರುವ ಕಡೆ ಮಾತ್ರ.

ಇವುಗಳಲ್ಲಿ ಹೊಳಪು ಹೆಚ್ಚು ಕೊಡುವುದು ಪೋಸ್ಟರ್ ಕಲರ್. ಉರಿಯ ಹೃದಯಭಾಗಕ್ಕೆ, ಸುಮಾರು 12 ಮಿ.ಮೀ. ಉದ್ದ, 5 ಮಿ.ಮೀ. ಅಗಲದಷ್ಟು ಜಾಗಕ್ಕೆ, ಮೊಸರಿನ ಹದಕ್ಕೆ ಕಲಸಿ ತೆಳುವಾಗಿ ಎರಡು ಸಲ ಹಚ್ಚಿ, ನಡುವೆ ಪೂರ್ತಿ ಒಣಗಲು ಬಿಡಿ. ನೀರು ಹೆಚ್ಚಾದರೆ 160 ಜಿಎಸ್‌ಎಂ ಹಾಳೆ ಉಬ್ಬುತ್ತದೆ. ಒಣಗಿದ ಮೇಲೆ ಅದರ ಮೇಲೆ ನಿಂಬೆ ಹಳದಿ ಪೆನ್ಸಿಲ್ ಆಡಿಸಿ ನೋಡಿ: ಬಿಳಿ ಹಾಳೆಯ ಮೇಲೆ ಬರೆದಷ್ಟೇ ಹೊಳಪು. ಅಂಚು ಮಾತ್ರ ಚೂಪಾಗಿ ನಿಲ್ಲದಂತೆ ಒದ್ದೆ ಕುಂಚದಿಂದ ಅಲ್ಲಲ್ಲೇ ಸವರಿ ಕರಗಿಸಬೇಕು. ಇಲ್ಲವಾದರೆ ಉರಿಯೊಳಗೆ ಅಕ್ಕಿಕಾಳು ಅಂಟಿಸಿದಂತೆ ಆಗುತ್ತದೆ.

ಕುಂಚ ಹಿಡಿಯುವ ಮನಸ್ಸಿಲ್ಲದವರಿಗೆ ಬಿಳಿ ಪೆನ್ಸಿಲಿನ ನಾಲ್ಕೈದು ಹಗುರ ಪದರ ಸಾಕು. ಹೊಳಪು ಒಂದು ಗುಂಜಿ ಕಡಿಮೆ, ಅಂಚು ತಾನಾಗಿಯೇ ಮೃದು. ಮೊದಲ ಚಿತ್ರಕ್ಕೆ ಇದನ್ನೇ ಶಿಫಾರಸು ಮಾಡುತ್ತೇವೆ. ಪೇಸ್ಟಲ್ ಪೆನ್ಸಿಲ್ ಮಬ್ಬು ಬರಿಸುವುದರಲ್ಲಿ ಎಲ್ಲಕ್ಕಿಂತ ಮುಂದು, ಆದರೆ ಕೈ ತಾಗಿದರೆ ಅಳಿಸಿಹೋಗುತ್ತದೆ, ಅಳಿಸದಿರಲೆಂದು ಫಿಕ್ಸೆಟಿವ್ ಸ್ಪ್ರೇ ಹೊಡೆದರೆ ಬಿಳಿಯೇ ಮಂಕಾಗುತ್ತದೆ. ಜೆಲ್ ಪೆನ್ ಒಂದೆರಡು ಚುಕ್ಕೆಯ ಸಾಧನ ಅಷ್ಟೆ. ಉರಿಯನ್ನೇ ಜೆಲ್ ಪೆನ್ನಿನಲ್ಲಿ ತುಂಬಿದ ಚಿತ್ರಗಳಲ್ಲಿ ದೀಪ ಉರಿಯುವುದಿಲ್ಲ, ಸುಣ್ಣ ಬಳಿದಂತೆ ಚಪ್ಪಟೆಯಾಗಿ ಕೂತಿರುತ್ತದೆ.

ತಳದಲ್ಲಿ ಬಿಳಿ ಇರಬೇಕೋ, ನೇರ ಬಣ್ಣವೋ?

ಹೆಚ್ಚಿನವರು ಎಡವುವುದು ಇಲ್ಲೇ. ಬಣ್ಣ ಹೊಳೆಯಬೇಕಾದರೆ ಕೆಳಗೆ ಬಿಳಿ ಬೇಕು ಎಂದು ತಿಳಿದವರು ಪ್ರಭೆಯ ಕೆಳಗೂ ಬಿಳಿ ಬಳಿದುಬಿಡುತ್ತಾರೆ. ಆಗ ಬೆಳಕಿನ ಬದಲು ಹೊಗೆ ಬರುತ್ತದೆ. ಪ್ರಭೆ ಎಂದರೆ ಕತ್ತಲು ಕ್ರಮೇಣ ಬಣ್ಣಕ್ಕೆ ತಿರುಗುವುದು, ಅದರಲ್ಲಿ ಹಾಳೆಯ ಕಪ್ಪು ಎಲ್ಲ ಕಡೆಯೂ ಉಸಿರಾಡುತ್ತಿರಬೇಕು. ಬಿಳಿ ಸೇರಿದೊಡನೆ ಕಪ್ಪು ಬೂದಾಗುತ್ತದೆ.

ಆದ್ದರಿಂದ ಒಂದೇ ಚಿತ್ರದಲ್ಲಿ ಎರಡೂ ವಿಧಾನ. ಉರಿಗೆ, ಹಣತೆಯ ಬಾಯಂಚಿಗೆ, ಎಣ್ಣೆಯ ಮೇಲಿನ ಪ್ರತಿಬಿಂಬಕ್ಕೆ ತಳದಲ್ಲಿ ಬಿಳಿ ಅಥವಾ ಕೆನೆಬಣ್ಣ. ಪ್ರಭೆಗೆ, ಹಣತೆಯ ಹೊರಮೈಗೆ, ನೆಲಕ್ಕೆ ನೇರ ಬಣ್ಣ. ಬಾಯಂಚಿಗೆ ಅಪ್ಪಟ ಬಿಳಿಗಿಂತ ಕೆನೆಬಣ್ಣ ಒಳ್ಳೆಯದು, ಅದರ ಮೇಲೆ ಕಿತ್ತಳೆ ಬಂದರೆ ಬೆಚ್ಚಗಿರುತ್ತದೆ. ಬಿಳಿಯ ಮೇಲೆ ಬಂದರೆ ಗುಲಾಬಿ ಛಾಯೆಗೆ ಹೊರಳುತ್ತದೆ.

ಕೆಲಸದ ಕ್ರಮ

ರೂಪುರೇಷೆಗೆ ಸಾದಾ ಪೆನ್ಸಿಲ್ ಬೇಡ. ಗ್ರಾಫೈಟ್ ಕಪ್ಪಿನ ಮೇಲೆ ಮಿಣಮಿಣ ಹೊಳೆಯುತ್ತದೆ, ಹಳದಿಗೆ ಬೆರೆತರೆ ಕೊಳೆ ಹಿಡಿದಂತಾಗುತ್ತದೆ. ಬಟರ್ ಪೇಪರಿನಲ್ಲಿ ಚಿತ್ರ ಬರೆದುಕೊಂಡು, ಹಿಂಬದಿಗೆ ಬಿಳಿ ಸೀಮೆಸುಣ್ಣ ಉಜ್ಜಿ, ಕೊಡವಿ, ಹಾಳೆಯ ಮೇಲಿಟ್ಟು ಗೆರೆಗಳನ್ನು ತೀಡಿ. ಒತ್ತಿ ತೀಡಿದರೆ ಹಾಳೆಯಲ್ಲಿ ಗೀರು ಬೀಳುತ್ತದೆ, ಆ ಗೀರಿಗೆ ಬಣ್ಣ ಇಳಿಯದೆ ಪ್ರಭೆಯ ನಡುವೆ ಕಪ್ಪು ದಾರವಾಗಿ ಉಳಿಯುತ್ತದೆ. ಕೆಲಸ ಮಾಡುವಷ್ಟು ಹೊತ್ತೂ ಅಂಗೈ ಕೆಳಗೆ ಇನ್ನೊಂದು ತುಂಡು ಬಟರ್ ಪೇಪರ್ ಇರಲಿ.

ಮೊದಲು ಉರಿ. ಬತ್ತಿಯ ಕರಿ ತುದಿಗೆ ಹಾಳೆಯ ಕಪ್ಪನ್ನೇ ಬಿಡಿ, ಅದರ ನೆತ್ತಿಯಲ್ಲಿ 1 ಮಿ.ಮೀ. ಕುಂಕುಮ ಕೆಂಪು. ಬತ್ತಿಯ ಸುತ್ತ 3–4 ಮಿ.ಮೀ. ಭಾಗ ಬೆಳ್ಳಗಿರುವುದಿಲ್ಲ, ಅಲ್ಲಿರುವುದು ಇನ್ನೂ ಉರಿಯದ ಆವಿ. ತೆಳು ಕಿತ್ತಳೆಗಂದು ಸಾಕು. ಉರಿಯ ತಳದ ಎರಡು ಪಕ್ಕದಲ್ಲಿ ಕೂದಲೆಳೆಯಂಥ ನೀಲಿ. ನಡುವಿನಿಂದ ಮೇಲಕ್ಕೆ ಬೆಳಕು ಹೆಚ್ಚು, ಕೆಂಡವಾದ ಮಸಿಯ ಕಣಗಳು ಹೊಳೆಯುವುದು ಅಲ್ಲೇ. ಬಿಳಿಯ ತಿರುಳು ಅಲ್ಲಿರಲಿ, ಅದರ ಸುತ್ತ ಕೆನೆಬಣ್ಣ, ಆಚೆಗೆ ನಿಂಬೆ ಹಳದಿ, ಅಂಚಿನ ಒಂದು ಮಿಲಿಮೀಟರ್ ಅರಿಶಿನ ಹಳದಿ, ತುದಿಯಲ್ಲಿ ತುಸು ಕಿತ್ತಳೆ. ಬೆಳಕನ್ನು ಬತ್ತಿಯ ಬುಡದಲ್ಲೇ ಇಟ್ಟವರ ದೀಪ ಬಲ್ಬಿನಂತೆ ಕಾಣುತ್ತದೆ.

ಉರಿಗೆ ಹೊರಗೆರೆ ಹಾಕಬಾರದು. ಕೆಂಪು ಗೆರೆಯಿಂದ ಸುತ್ತುಗಟ್ಟಿದ ಉರಿ ಸ್ಟಿಕ್ಕರ್ ಆಗಿಬಿಡುತ್ತದೆ. ಉರಿಗೂ ಪ್ರಭೆಗೂ ನಡುವೆ ಕಪ್ಪು ಸಂದು ಉಳಿದರೂ ಅದೇ ಗತಿ.

ಪ್ರಭೆಯನ್ನು ಒಳಗಿನಿಂದ ಹೊರಕ್ಕೆ ಹಾಕುತ್ತ ಹೋದರೆ ಮೆಟ್ಟಿಲು ಮೆಟ್ಟಿಲಾಗಿ ಉಂಗುರಗಳು ಕಾಣುತ್ತವೆ. ಅದಕ್ಕೆ ಬದಲು ದೊಡ್ಡದರಿಂದ ಚಿಕ್ಕದಕ್ಕೆ ಬನ್ನಿ. ಉರಿಯ ಮೇಲರ್ಧವನ್ನು ಕೇಂದ್ರ ಮಾಡಿಕೊಂಡು 5 ಸೆಂ.ಮೀ. ತ್ರಿಜ್ಯದವರೆಗೆ ಕಾವಿ, ಹೊರಗಿನ 1 ಸೆಂ.ಮೀ.ಗೆ ನೇರಳೆ ಬೆರಕೆ. ಅದರ ಮೇಲೆ 3 ಸೆಂ.ಮೀ.ವರೆಗೆ ಕುಂಕುಮ ಕೆಂಪು ಮತ್ತು ಕಿತ್ತಳೆ, ಮತ್ತೂ ಮೇಲೆ 1.5 ಸೆಂ.ಮೀ.ವರೆಗೆ ಅರಿಶಿನ ಹಳದಿ. ಕೆಳಗೆ ಕಿತ್ತಳೆ ಇರುವುದರಿಂದ ಆ ಹಳದಿ ಪಾಚಿಗಟ್ಟುವುದಿಲ್ಲ. ಪೆನ್ಸಿಲನ್ನು ಹಿಂತುದಿಯಲ್ಲಿ ಹಿಡಿಯಿರಿ, ಅದರ ಸ್ವಂತ ಭಾರದಷ್ಟೇ ಒತ್ತಡ, ಮೊನೆ ಸ್ವಲ್ಪ ಮೊಂಡಾಗಿರಲಿ, ಸಣ್ಣ ಸಣ್ಣ ಸುತ್ತುಗಳಲ್ಲಿ ತುಂಬಿ. ನೇರ ಗೆರೆಗಳಿಂದ ಬೇಗ ಮುಗಿಯುತ್ತದೆ, ಆದರೆ ಗೆರೆಯ ದಿಕ್ಕು ಕಾಣಿಸಿ ಬೆಳಕು ಮಳೆಯಂತೆ ಸುರಿಯತೊಡಗುತ್ತದೆ. ಪೆನ್ಸಿಲಿನ ಪುಡಿ ಉದುರಿಸಿ ಹತ್ತಿಯಿಂದ ಉಜ್ಜುವ ಉಪಾಯ ಪೇಸ್ಟಲ್‌ಗೆ ಸರಿ, ಮೇಣದ ಪೆನ್ಸಿಲಿನಲ್ಲಿ ಅದು ಅಲ್ಲಲ್ಲಿ ಗಂಟುಕಟ್ಟುತ್ತದೆ.

ಹಣತೆಯ ಮೈಗೆ ಬೆಳಕು ಎಲ್ಲಿ ಬೀಳುತ್ತದೆ ಎಂದು ಒಮ್ಮೆ ನಿಜವಾದ ದೀಪ ಹಚ್ಚಿಟ್ಟು ನೋಡಿ. ಉರಿ ಇರುವುದು ಬಾಯಿಗಿಂತ ಮೇಲೆ, ಆದ್ದರಿಂದ ಒಳಗೋಡೆ ಕಿತ್ತಳೆಯಾಗಿ ಬೆಳಗುತ್ತದೆ, ಮೂತಿಯ ಹತ್ತಿರದ ಬಾಯಂಚು ಕೆನೆಬಣ್ಣದ ಸಣ್ಣ ಗೆರೆಯಾಗುತ್ತದೆ, ಹೊರಮೈ ಹೆಚ್ಚುಕಡಿಮೆ ಕತ್ತಲಲ್ಲೇ ಇರುತ್ತದೆ. ಅಲ್ಲಿ ಕಾವಿಯ ಒಂದು ಪದರ, ಕೆಳ ಅಂಚಿನಲ್ಲಿ ನೆಲದಿಂದ ಮರಳಿ ಬಂದ ಬೆಳಕಿಗೆ ಕಡು ಕಂದಿನ ಸಣ್ಣ ಬಾಗುಗೆರೆ, ಅಷ್ಟು ಸಾಕು. ಮಣ್ಣಿನ ಬಣ್ಣ ತೋರಿಸುವ ಹುರುಪಿನಲ್ಲಿ ಹೊರಮೈಯನ್ನೆಲ್ಲ ತುಂಬಿದರೆ ಉರಿಯ ಹೊಳಪು ಅಲ್ಲಿಗೇ ಇಳಿದುಹೋಗುತ್ತದೆ. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ: ಹಣತೆಗೆ ತಾಗಿದ ನೆಲ ಕಪ್ಪು, ಅದರಾಚೆಗೆ ಅಂಡಾಕಾರದಲ್ಲಿ ಬೆಳಕು ಶುರುವಾಗಬೇಕು. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಹಾಗಾಗಿ ಈ ಅಂಡಾಕಾರ ಬೇಗ ಮಾಸಲಿ. ಎಣ್ಣೆಯಲ್ಲಿ ಉರಿಯ ತಲೆಕೆಳಗಾದ ಬಿಂಬ ತುಂಡು ತುಂಡಾಗಿ, ಉರಿಗಿಂತ ಗಿಡ್ಡಕ್ಕೆ. ಬಾಯಂಚಿನಲ್ಲಿ ಒಂದು, ಎಣ್ಣೆಯಲ್ಲಿ ಒಂದು ಜೆಲ್ ಪೆನ್ನಿನ ಚುಕ್ಕೆ.

ಕೆಟ್ಟರೆ ಏನು ಮಾಡುವುದು?

ರಬ್ಬರ್ ಹಾಕಿ ಉಜ್ಜಬೇಡಿ, ಮೇಣ ಹಾಳೆಯೊಳಕ್ಕೆ ಇಳಿದು ಕಲೆಯಾಗುತ್ತದೆ. ಕಣಕದಂತೆ ನಾದುವ ನೀಡೆಡ್ ರಬ್ಬರನ್ನು ಒತ್ತಿ ಎತ್ತಿ, ಒತ್ತಿ ಎತ್ತಿ ಬಣ್ಣ ಇಳಿಸಬಹುದು. ಕಾಗದದ ಟೇಪನ್ನು ಹಗುರವಾಗಿ ಅಂಟಿಸಿ ಎತ್ತುವುದೂ ನಡೆಯುತ್ತದೆ. ಹಳದಿ ಈಗಾಗಲೇ ಹಸಿರುಗಟ್ಟಿದ್ದರೆ ಅದರ ಮೇಲೆ ಮತ್ತೆ ಹಳದಿ ಹಾಕಿ ಪ್ರಯೋಜನವಿಲ್ಲ. ತೆಳು ಕಿತ್ತಳೆ, ಅದರ ಮೇಲೆ ಕೆನೆಬಣ್ಣ, ಆಮೇಲೆ ಹಳದಿ. ಪ್ರಭೆ ಎಲ್ಲೆ ಮೀರಿ ಹರಡಿದರೆ ಕಪ್ಪು ಪೆನ್ಸಿಲಿನಿಂದ ಮುಚ್ಚುವ ಆಸೆ ಬರುತ್ತದೆ. ಮೇಣದ ಕಪ್ಪು ಹಾಳೆಯ ಕಪ್ಪಿಗಿಂತ ಹೊಳೆಯುತ್ತದೆ, ಓರೆ ಬೆಳಕಿನಲ್ಲಿ ತೇಪೆ ಎದ್ದು ಕಾಣುತ್ತದೆ. ಅದಕ್ಕಿಂತ ಅಂಚಿಗೆ ನೇರಳೆ ಸೇರಿಸಿ ಪ್ರಭೆಯನ್ನೇ ಇನ್ನೊಂದು ಸೆಂಟಿಮೀಟರ್ ಬೆಳೆಸುವುದು ಲೇಸು. ಬಣ್ಣ ಜಾರತೊಡಗಿದ ಜಾಗದಲ್ಲಿ ತರಿ ತುಂಬಿಹೋಗಿದೆ, ಅಲ್ಲಿ ಕೆಲಸ ನಿಲ್ಲಿಸಿ.

ಫೋನಿನಲ್ಲಿ ಫೋಟೊ ತೆಗೆಯುವಾಗ ಕಪ್ಪು ತುಂಬಿದ ಹಾಳೆಯನ್ನು ಕ್ಯಾಮೆರಾ ತಾನಾಗಿ ಬೆಳಗಿಸಲು ನೋಡುತ್ತದೆ, ಕಪ್ಪು ಬೂದಾಗಿ ಹಾಳೆಯ ಧೂಳೆಲ್ಲ ಕಾಣುತ್ತದೆ. ಪರದೆಯ ಮೇಲೆ ಉರಿಯನ್ನು ಮುಟ್ಟಿ, ಬೆಳಕಿನ ಗುರುತನ್ನು ಕೆಳಕ್ಕೆ ಎಳೆದು, ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಇಟ್ಟು ತೆಗೆಯಿರಿ. ಫ್ಲ್ಯಾಶ್ ಹಾಕಿದರೆ ಮೇಣ ಮಿರುಗಿ ಪ್ರಭೆಯೇ ಅಳಿಸಿಹೋಗುತ್ತದೆ.